ಕಾಲಿನಲ್ಲಿ ಹೆಪ್ಪುಗಟ್ಟುವ ನೆತ್ತರು

1940ನೆಯ ಇಸವಿಯ ಸೆಪ್ಟೆಂಬರ್ 7ರಿಂದ ಲಂಡನ್ ನಗರದ ಮೇಲೆ ಜರ್ಮನ್ ವಿಮಾನಗಳು ಇರುಳಿನ ಮೇಲೆ ಇರುಳು ಬಾಂಬುಗಳನ್ನು ಸುರಿಸತೊಡಗಿದವು. ಸಂಜೆಯಾಗುತ್ತಲೇ ಜನರು ಹೊದಿಕೆಗಳನ್ನು ಹೊತ್ತುಕೊಂಡು ನೆಲಮಾಳಿಗೆಗಳನ್ನೂ ಸುರಂಗದ ರೈಲುನಿಲ್ದಾಣಗಳನ್ನೂ ಆಶ್ರಯಿಸುತ್ತಿದ್ದರು. ಮೈಚಾಚಲು ಸ್ಥಳವಿಲ್ಲದೆ ಅನೇಕರು ಮಡಿಸುವ ಬಟ್ಟೆಕುರ್ಚಿಗಳಲ್ಲಿ ಕುಳಿತಂತೆಯೇ ರಾತ್ರಿಯನ್ನು ಕಳೆಯುತ್ತಿದ್ದರು. ಹಾಗೆ ಕಳೆದವರಲ್ಲಿ ಕೆಲವರು ಹಠಾತ್ತಾಗಿ ಕುಸಿದು ಪ್ರಾಣಬಿಟ್ಟರು. ಅವರ ಮೈಗೆ ಬಾಂಬಿನ ಒಂದು ಚೂರೂ ತಗುಲಿರಲಿಲ್ಲ.

ಈ ವಿಚಿತ್ರ ಮರಣಗಳನ್ನು ವಿಚಾರಿಸಿದವರು ಕೀತ್ ಸಿಂಪ್ಸನ್ ಎಂಬ ವೈದ್ಯರು. ಶವಪರೀಕ್ಷೆಯಲ್ಲಿ ಅವರಿಗೆ ಕಂಡುಬಂದ ಕಾರಣ ಒಂದೇ: ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಸಿಕ್ಕಿಕೊಂಡಿತ್ತು. ಆ ಗಡ್ಡೆ ಹುಟ್ಟಿದುದು ಮಾತ್ರ ಅಲ್ಲಿಂದ ಬಹು ದೂರದಲ್ಲಿ, ಕಾಲಿನ ರಕ್ತನಾಳದಲ್ಲಿ. ಕುರ್ಚಿಯ ಮುಂಭಾಗದ ಅಡ್ಡಮರವು ತೊಡೆಯ ಹಿಂಬದಿಯನ್ನು ಗಂಟೆಗಟ್ಟಲೆ ಒತ್ತಿದುದರಿಂದ ಕಾಲಿನ ರಕ್ತ ಮೇಲಕ್ಕೆ ಹರಿಯದೆ ನಿಂತು ಹೆಪ್ಪಾಗಿತ್ತು. 1939ರ ಶರತ್ಕಾಲದಲ್ಲಿ ಕಂಡುದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಇಂತಹ ಮರಣಗಳು ಸಂಭವಿಸಿರುವುವೆಂದು ಸಿಂಪ್ಸನ್ನರು ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು.

ಕಾಲಿನ ಒಂದು ನಾಳದಲ್ಲಿ ಹುಟ್ಟಿದ ತೊಂದರೆ ಉಸಿರನ್ನೇ ನಿಲ್ಲಿಸುವುದು ಹೇಗೆ? ಕಾಲುನೋವೆಂದು ನಾವು ಉಪೇಕ್ಷಿಸುವ ಬೇನೆಗಳಲ್ಲಿ ಅಂಜಬೇಕಾದುದು ಯಾವುದು, ಅಂಜಬೇಕಾಗಿಲ್ಲದ್ದು ಯಾವುದು? ಇದನ್ನು ತಿಳಿಯಬೇಕಾದರೆ ಮೊದಲು ಕಾಲಿನಲ್ಲಿ ರಕ್ತ ಸಂಚರಿಸುವ ರೀತಿಯನ್ನು ಅರಿಯಬೇಕು.

ಮೇಲೇರಬೇಕಾದ ರಕ್ತ

ಹೃದಯದಿಂದ ಅಂಗಾಂಗಗಳಿಗೆ ರಕ್ತವನ್ನು ಒಯ್ಯುವ ನಾಳಗಳಿಗೆ ಅಪಧಮನಿಗಳೆಂದೂ, ಅಂಗಾಂಗಗಳಿಂದ ಹೃದಯಕ್ಕೆ ಅದನ್ನು ಮರಳಿ ತರುವ ನಾಳಗಳಿಗೆ ಅಭಿಧಮನಿಗಳೆಂದೂ ಹೆಸರು. ಆಡುಮಾತಿನಲ್ಲಿ ನಾವು 'ನರ ಉಬ್ಬಿದೆ' ಎಂದಾಗ ಹೇಳುತ್ತಿರುವುದು ಬಹುಮಟ್ಟಿಗೆ ಈ ಅಭಿಧಮನಿಗಳನ್ನೇ. ಅಪಧಮನಿಯಲ್ಲಿ ಹೃದಯದ ತಳ್ಳುವಿಕೆಯಿಂದ ರಕ್ತವು ರಭಸವಾಗಿ ಹರಿಯುವುದು. ಆದರೆ ಸೂಕ್ಷ್ಮ ಲೋಮನಾಳಗಳ ಬಲೆಯನ್ನು ದಾಟಿ ಅಭಿಧಮನಿಗೆ ಬರುವಷ್ಟರಲ್ಲಿ ಆ ರಭಸವೆಲ್ಲ ಕಳೆದುಹೋಗಿರುವುದು. ಪಾದದಲ್ಲಿರುವ ರಕ್ತವು ಭೂಮಿಯ ಆಕರ್ಷಣೆಗೆ ಎದುರಾಗಿ ಒಂದು ಮೀಟರಿಗೂ ಹೆಚ್ಚಿನ ಎತ್ತರವನ್ನು ಏರಿ ಹೃದಯವನ್ನು ಸೇರಬೇಕು.

ಇದಕ್ಕಾಗಿ ಪ್ರಕೃತಿಯು ಎರಡು ಏರ್ಪಾಡುಗಳನ್ನು ಮಾಡಿದೆ. ಮೊದಲನೆಯದು, ಅಭಿಧಮನಿಗಳ ಒಳಗೆ ಅಲ್ಲಲ್ಲಿರುವ ಕವಾಟಗಳು. ಇವು ತೆಳುವಾದ ಎಸಳುಗಳಂತಿದ್ದು, ರಕ್ತವು ಮೇಲಕ್ಕೆ ಹರಿದಾಗ ತೆರೆದುಕೊಳ್ಳುವುವು. ಕೆಳಕ್ಕೆ ಇಳಿಯಲೆತ್ನಿಸಿದಾಗ ಮುಚ್ಚಿಕೊಳ್ಳುವುವು. ಇಟಲಿಯ ಪಾದುವ ವಿಶ್ವವಿದ್ಯಾನಿಲಯದ ಅಂಗರಚನಾಶಾಸ್ತ್ರಜ್ಞ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳ ಸುಂದರ ಚಿತ್ರಗಳನ್ನು ಪ್ರಕಟಿಸಿದ. ರಕ್ತವು ಕೈಕಾಲುಗಳಿಗೆ ನುಗ್ಗಿ ತುಂಬಿಬಿಡದಂತೆ ಇವು ಅದರ ವೇಗವನ್ನು ತಗ್ಗಿಸುತ್ತವೆಂದು ಅವನು ಭಾವಿಸಿದ್ದ. ಅವುಗಳ ನಿಜವಾದ ಉಪಯೋಗವನ್ನು ಕಂಡವನು ಪಾದುವದಲ್ಲಿಯೇ ವ್ಯಾಸಂಗಮಾಡಿದ್ದ ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ. 1628ರಲ್ಲಿ ಪ್ರಕಟವಾದ ಅವನ ಗ್ರಂಥವು ರಕ್ತವು ದೇಹದಲ್ಲಿ ಸುತ್ತುತ್ತಿರುವುದೆಂಬುದನ್ನು ಸ್ಥಾಪಿಸಿತು.

ಹಾರ್ವೆಯ ಪ್ರಯೋಗದ ಸರಳ ರೂಪವನ್ನು ವಿದ್ಯಾರ್ಥಿಗಳು ತಮ್ಮ ಕೈಯಲ್ಲಿಯೇ ನೋಡಬಹುದು. ಕೈಯನ್ನು ಸ್ವಲ್ಪ ಹೊತ್ತು ಕೆಳಕ್ಕೆ ಇಳಿಬಿಟ್ಟರೆ ಮುಂಗೈಯ ಅಭಿಧಮನಿಗಳು ಉಬ್ಬುವುವು. ಉಬ್ಬಿದ ಒಂದು ನಾಳವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಳಕೈಯ ಕಡೆಗೆ ರಕ್ತವನ್ನು ನೀವಿ ತಳ್ಳಿರಿ. ಈಗ ಎರಡನೆಯ ಬೆರಳನ್ನು ತೆಗೆದರೂ ನಡುವಣ ಭಾಗ ಬರಿದಾಗಿಯೇ ಉಳಿಯುವುದು. ಮೇಲಿನ ರಕ್ತ ಕೆಳಗಿಳಿಯದಂತೆ ಕವಾಟವು ತಡೆದಿರುವುದು. ಮೊದಲನೆಯ ಬೆರಳನ್ನು ತೆಗೆದೊಡನೆಯೇ ನಾಳವು ಕೆಳಗಿನಿಂದ ತುಂಬಿಕೊಳ್ಳುವುದು.

ಎರಡನೆಯ ಏರ್ಪಾಡು ಮೀನಖಂಡದ ಸ್ನಾಯುಗಳು. ಕಾಲಿನ ಅಭಿಧಮನಿಗಳಲ್ಲಿ ಎರಡು ಗುಂಪುಗಳಿವೆ. ಚರ್ಮದ ಕೆಳಗೇ ಹರಿಯುವ ತೋರಿಕೆಯ ಅಭಿಧಮನಿಗಳು ಒಂದು ಗುಂಪು. ಪಾದದಿಂದ ತೊಡೆಸಂದಿನವರೆಗೆ ಹೋಗುವ, ದೇಹದಲ್ಲೆಲ್ಲ ಅತ್ಯಂತ ಉದ್ದವಾದ ಅಭಿಧಮನಿ ಈ ಗುಂಪಿಗೆ ಸೇರಿದುದು. ಸ್ನಾಯುಗಳ ನಡುವೆ ಆಳದಲ್ಲಿ ಹರಿಯುವುವು ಇನ್ನೊಂದು ಗುಂಪು. ಕಾಲಿನ ರಕ್ತದ ಬಹುಭಾಗ, ಸುಮಾರು ಹತ್ತರಲ್ಲಿ ಒಂಬತ್ತು ಪಾಲು, ಈ ಆಳದ ನಾಳಗಳಲ್ಲಿಯೇ ಮರಳುವುದು. ನಾವು ಹೆಜ್ಜೆಯಿಟ್ಟಾಗಲೆಲ್ಲ ಮೀನಖಂಡವು ಬಿಗಿದು ಇವನ್ನು ಹಿಂಡುವುದು. ಕವಾಟಗಳಿರುವುದರಿಂದ ರಕ್ತಕ್ಕೆ ಮೇಲಕ್ಕಲ್ಲದೆ ಬೇರೆ ದಾರಿಯಿಲ್ಲ. ಸ್ನಾಯು ಸಡಿಲವಾದಾಗ ಕೆಳಗಿನಿಂದಲೂ ಚರ್ಮದಡಿಯ ನಾಳಗಳಿಂದಲೂ ಹೊಸ ರಕ್ತ ಒಳಬರುವುದು. ಮೀನಖಂಡವನ್ನು ಎರಡನೆಯ ಹೃದಯವೆಂದು ಕೆಲವರು ಕರೆಯುವುದು ಅತಿಶಯೋಕ್ತಿಯಲ್ಲ.

ಈ ಹೃದಯದ ಶಕ್ತಿಯನ್ನು ಲೆಕ್ಕಹಾಕಬಹುದು. ನಿಂತ ಮನುಷ್ಯನಲ್ಲಿ ಹೃದಯಕ್ಕೂ ಕಾಲಿನ ಹರಡಿಗೂ ನಡುವೆ ಸುಮಾರು 120 ಸೆಂಟಿಮೀಟರ್ ಅಂತರವೆನ್ನೋಣ. ಪಾದರಸವು ನೀರಿಗಿಂತ 13.6 ಪಟ್ಟು ಸಾಂದ್ರ. ರಕ್ತವು ನೀರಿಗಿಂತ ಸ್ವಲ್ಪವೇ ಹೆಚ್ಚು, 1.06 ಪಟ್ಟು. ಆದುದರಿಂದ 1200 ಮಿಲಿಮೀಟರ್ ಎತ್ತರದ ರಕ್ತದ ಕಂಬವು ಸುಮಾರು 94 ಮಿಲಿಮೀಟರ್ ಎತ್ತರದ ಪಾದರಸಕ್ಕೆ ಸಮ. ಕದಲದೆ ನಿಂತವನ ಹರಡಿನ ಅಭಿಧಮನಿಯಲ್ಲಿ ಅಳೆದಾಗ ದೊರೆಯುವ ಒತ್ತಡವೂ ಹೆಚ್ಚುಕಡಮೆ ಇಷ್ಟೇ. ಅವನು ನಡೆಯತೊಡಗಿದೊಡನೆಯೇ ಅದು 30 ಮಿಲಿಮೀಟರಿಗೂ ಕೆಳಕ್ಕೆ ಇಳಿಯುವುದು. ಸ್ವಾತಂತ್ರ್ಯೋತ್ಸವದ ಕವಾಯತಿನಲ್ಲಿ ಬಿಸಿಲಿಗೆ ನೆಟ್ಟಗೆ ನಿಂತ ಬಾಲಕರು ಒಮ್ಮೊಮ್ಮೆ ತಲೆಸುತ್ತಿ ಬೀಳುವುದಕ್ಕೆ, ಈ ಪಂಪು ಕೆಲಸಮಾಡದೆ ರಕ್ತವು ಕಾಲುಗಳಲ್ಲಿ ತಂಗುವುದೂ ಒಂದು ಕಾರಣ.

ರಕ್ತ ಹೆಪ್ಪುಗಟ್ಟುವುದೇಕೆ?

ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ನಾವು ಬದುಕುವಂತಿಲ್ಲ. ಗಾಯವಾದೆಡೆಯಲ್ಲಿ ಕಿರುಫಲಕಗಳೆಂಬ ಸೂಕ್ಷ್ಮ ಕಣಗಳು ಒತ್ತಾಗಿ ಸೇರುವುವು. ರಕ್ತದಲ್ಲಿ ಕರಗಿರುವ ಒಂದು ಪ್ರೋಟೀನು ಫೈಬ್ರಿನ್ ಎಂಬ ನೂಲುಗಳಾಗಿ ಮಾರ್ಪಟ್ಟು ಬಲೆ ಹೆಣೆಯುವುದು. ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಹೆಪ್ಪಾಗುವುದು. ಗಾಯವೇ ಇಲ್ಲದೆ ನಾಳದ ಒಳಗೆ ಇದು ನಡೆದರೆ ಮಾತ್ರ ವಿಪತ್ತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಅಭಿಧಮನಿಗಳ ಒಳಪದರದ ಉರಿಯೂತವನ್ನು ವರ್ಣಿಸಿದ. ರಕ್ತವನ್ನು ಹೊರಬಿಡುವುದೇ ಚಿಕಿತ್ಸೆಯಾಗಿದ್ದ ಆ ಕಾಲದಲ್ಲಿ ಚೂರಿ ತಗುಲಿದ ಅಭಿಧಮನಿಗಳು ಕೆಂಪಾಗಿ ಊದಿಕೊಳ್ಳುವುದು ಸಾಮಾನ್ಯವಾಗಿತ್ತು. ಹೀಗಾಗಿ ಮೊದಲು ಉರಿಯೂತ, ಆಮೇಲೆ ಹೆಪ್ಪು ಎಂಬ ಭಾವನೆ ಬಹುಕಾಲ ಬಲವಾಗಿತ್ತು. ಇದನ್ನು ಪ್ರಶ್ನಿಸಿದವನು ಜರ್ಮನಿಯ ರುಡಾಲ್ಫ್ ಫಿರ್ಕೋ. ಶವಗಳ ಶ್ವಾಸಕೋಶದಲ್ಲಿ ದೊರೆತ ಗಡ್ಡೆಗಳು ಅಲ್ಲಿಯೇ ಹುಟ್ಟಿದುವಲ್ಲ, ಕಾಲು ಮೊದಲಾದ ಕಡೆಗಳಿಂದ ರಕ್ತದೊಡನೆ ತೇಲಿಬಂದುವೆಂದು ಅವನು ವಾದಿಸಿದ. ನಾಯಿಗಳ ಕತ್ತಿನ ಅಭಿಧಮನಿಯಲ್ಲಿ ರಬ್ಬರಿನ ತುಣುಕುಗಳನ್ನು ಬಿಟ್ಟು, ಅವು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಳ್ಳುವುದನ್ನು ತೋರಿಸಿದ.

ನಾಳದೊಳಗೆ ಹೆಪ್ಪುಗಟ್ಟಲು ಮೂರು ಕಾರಣಗಳುಂಟೆಂದು ಫಿರ್ಕೋನ ಹೆಸರಿನಲ್ಲಿಯೇ ಇಂದಿಗೂ ವಿದ್ಯಾರ್ಥಿಗಳು ಕಲಿಯುತ್ತಾರೆ. ರಕ್ತದ ಹರಿವು ನಿಧಾನವಾಗುವುದು ಒಂದು; ನಾಳದ ಒಳಗೋಡೆಗೆ ಪೆಟ್ಟಾಗುವುದು ಇನ್ನೊಂದು; ರಕ್ತದ ಗುಣವೇ ಬದಲಾಗಿ ಬೇಗ ಹೆಪ್ಪುಗಟ್ಟುವಂತಾಗುವುದು ಮೂರನೆಯದು. ಬಹುಕಾಲ ಹಾಸಿಗೆಯಲ್ಲಿರುವವರಿಗೂ, ಮೂಳೆ ಮುರಿದು ಕಾಲಿಗೆ ಕಟ್ಟುಹಾಕಿಸಿಕೊಂಡವರಿಗೂ, ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೂ, ಅರ್ಬುದರೋಗಿಗಳಿಗೂ, ಕೆಲವು ಬಗೆಯ ಗರ್ಭನಿರೋಧಕ ಗುಳಿಗೆಗಳನ್ನು ಸೇವಿಸುವವರಿಗೂ ಅಪಾಯ ಹೆಚ್ಚೇಕೆಂಬುದು ಈ ಮೂರರಿಂದ ವಿಶದವಾಗುವುದು. ಗರ್ಭಿಣಿಯರಲ್ಲಿ ರಕ್ತವು ಹೆಪ್ಪುಗಟ್ಟುವ ಸ್ವಭಾವ ಹೆಚ್ಚುವುದು. ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವಾಗದಿರಲೆಂದು ದೇಹವು ಮಾಡಿಕೊಂಡ ಸಿದ್ಧತೆ ಅದು. ಹೆರಿಗೆಯ ತರುವಾಯವೂ ಕೆಲವು ವಾರ ಉಳಿಯುವುದು. ಬಾಣಂತಿಯ ಒಂದು ಕಾಲು ಬಿಳುಪೇರಿ ಊದಿಕೊಳ್ಳುವುದನ್ನು ಯೂರೋಪಿನ ಹಿಂದಿನವರು 'ಹಾಲುಗಾಲು' ಎಂದು ಕರೆದರು; ಎದೆಯ ಹಾಲು ಕಾಲಿಗಿಳಿದಿದೆಯೆಂದು ಅವರ ನಂಬಿಕೆ. ನಿಜವಾಗಿ ಅದು ಆಳದ ಅಭಿಧಮನಿಯಲ್ಲಿ ಕಟ್ಟಿಕೊಂಡ ಹೆಪ್ಪು.

ಎರಡು ಬಗೆಯ ಬೇನೆ

ಅಭಿಧಮನಿಯ ಉರಿಯೂತಕ್ಕೆ ವೈದ್ಯರು ಫ್ಲೆಬೈಟಿಸ್ ಎನ್ನುತ್ತಾರೆ. ಅದು ಎಲ್ಲಿದೆಯೆಂಬುದರ ಮೇಲೆ ಅದರ ಸ್ವರೂಪವೆಲ್ಲ ನಿಂತಿದೆ.

ಚರ್ಮದ ಕೆಳಗಿನ ನಾಳದಲ್ಲಾದರೆ, ನಾಳವು ಗಟ್ಟಿಯಾದ ಹುರಿಯಂತೆ ಕೈಗೆ ಸಿಗುವುದು, ಅದರ ಉದ್ದಕ್ಕೂ ಚರ್ಮ ಕೆಂಪಾಗಿ ಬಿಸಿಯಾಗಿರುವುದು, ಮುಟ್ಟಿದರೆ ನೋವು. ಇದು ಬಹುಮಟ್ಟಿಗೆ ಕಾಣಿಸಿಕೊಳ್ಳುವುದು ಕವಾಟಗಳು ಕೆಟ್ಟು ಸೊಟ್ಟಸೊಟ್ಟಾಗಿ ಉಬ್ಬಿದ ಅಭಿಧಮನಿಗಳಲ್ಲಿ. ದಿನವಿಡೀ ನಿಂತೇ ದುಡಿಯುವ ಉಪಾಧ್ಯಾಯರು, ಅಡುಗೆಯವರು, ಕ್ಷೌರಿಕರು, ಬಸ್ಸಿನ ನಿರ್ವಾಹಕರು ಮೊದಲಾದವರಲ್ಲಿ ಇಂತಹ ಉಬ್ಬುನಾಳಗಳನ್ನು ನಾವೆಲ್ಲ ಕಂಡಿರುವೆವು. ಈ ಉರಿಯೂತವು ಕಣ್ಣಿಗೆ ಭಯಂಕರವಾಗಿ ಕಂಡರೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಶಮನವಾಗುವುದು.

ಆಳದ ನಾಳದಲ್ಲಾದರೆ ಕಣ್ಣಿಗೆ ಕಾಣುವುದು ಕಡಮೆ, ಅಪಾಯ ಹೆಚ್ಚು. ಸಾಮಾನ್ಯವಾಗಿ ಒಂದೇ ಕಾಲು ಊದಿಕೊಳ್ಳುವುದು. ಮೀನಖಂಡದಲ್ಲಿ ಸ್ನಾಯು ಹಿಡಿದುಕೊಂಡಂತಹ ನೋವು, ಬಿಗಿತ ತೋರುವುವು. ಕಾಲು ಭಾರವಾಗಿ ಬೆಚ್ಚಗಾಗುವುದು. ಕೆಲವರಲ್ಲಿ ಯಾವ ಲಕ್ಷಣವೂ ಇರದು. ಇಲ್ಲಿಯ ಹೆಪ್ಪಿನಿಂದ ಒಂದು ತುಂಡು ಕಳಚಿಕೊಂಡರೆ ಅದಕ್ಕೆ ಹೃದಯದವರೆಗೆ ಅಡ್ಡಿಯೇ ಇಲ್ಲ. ಏಕೆಂದರೆ ಅಭಿಧಮನಿಗಳು ಮುಂದುಮುಂದಕ್ಕೆ ದೊಡ್ಡದಾಗುತ್ತಲೇ ಹೋಗುವುವು. ಹೃದಯವನ್ನು ದಾಟಿ ಶ್ವಾಸಕೋಶವನ್ನು ಹೊಕ್ಕಾಗ ಮಾತ್ರ ನಾಳಗಳು ಮತ್ತೆ ಕವಲೊಡೆದು ಕಿರಿದಾಗುವುವು. ಅಲ್ಲಿ ತುಂಡು ಸಿಕ್ಕಿಕೊಳ್ಳುವುದು. ಹಠಾತ್ತಾಗಿ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ ಕಾಣುವುದು, ಮೂರ್ಛೆಹೋಗುವುದು ಇದರ ಚಿಹ್ನೆಗಳು. ಲಂಡನ್ನಿನ ನೆಲಮಾಳಿಗೆಗಳಲ್ಲಿ ನಡೆದುದು ಇದೇ.

ಈ ರೋಗದ ಹೆಸರನ್ನು ಜಗತ್ತಿನ ವೃತ್ತಪತ್ರಿಕೆಗಳು ದಿನದಿನವೂ ಅಚ್ಚುಮಾಡಿದುದು 1974ರಲ್ಲಿ. ಆ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ನರು ಎಡಗಾಲಿನ ಫ್ಲೆಬೈಟಿಸ್ಸಿನಿಂದ ನರಳುತ್ತಲೇ ಈಜಿಪ್ಟ್ ಮೊದಲಾದ ದೇಶಗಳ ಪ್ರವಾಸವನ್ನು ಮುಗಿಸಿದರು. ಆಗಸ್ಟ್ 9ರಂದು ಪದವಿಯನ್ನು ತ್ಯಜಿಸಿದರು. ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಹೆಪ್ಪಿನ ತುಂಡೊಂದು ಆಗಲೇ ಶ್ವಾಸಕೋಶವನ್ನು ಸೇರಿತ್ತು. ಅಕ್ಟೋಬರ್ 29ರಂದು ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿ, ಇನ್ನಷ್ಟು ತುಂಡುಗಳು ಮೇಲೇರದಂತೆ ಅಭಿಧಮನಿಗೆ ಒಂದು ಕ್ಲಿಪ್ಪನ್ನು ತೊಡಿಸಿದರು. ಅದರ ಬೆನ್ನಿಗೇ ಅವರ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬಂದಿತ್ತು. ಆದರೂ ಅವರು ಚೇತರಿಸಿಕೊಂಡು 1994ರವರೆಗೆ ಬಾಳಿದರು.

ಬೂಷ್ಟು ಹಿಡಿದ ಮೇವಿನಿಂದ ಮದ್ದು

ಹೆಪ್ಪುಗಟ್ಟುವುದನ್ನು ತಡೆಯುವ ಔಷಧಗಳ ಕಥೆ ಸ್ವಾರಸ್ಯವಾಗಿದೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ವೈದ್ಯ ವಿದ್ಯಾರ್ಥಿ ಜೇ ಮೆಕ್ಲೀನ್ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ನಾಯಿಯ ಯಕೃತ್ತಿನಿಂದ ತೆಗೆದ ಸಾರವು ಅದಕ್ಕೆ ವ್ಯತಿರಿಕ್ತವಾಗಿ ಹೆಪ್ಪನ್ನು ತಡೆಯುವುದನ್ನು ಕಂಡ. ಯಕೃತ್ತಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನಿಂದ ಇಂತಹ ವಸ್ತುವಿಗೆ ಹೆಪಾರಿನ್ ಎಂಬ ಹೆಸರಾಯಿತು. 1930ರ ದಶಕದಲ್ಲಿ ಶುದ್ಧೀಕರಿಸಿದ ಹೆಪಾರಿನ್ ರೋಗಿಗಳಿಗೆ ದೊರೆಯಿತು. ಅದನ್ನು ಸೂಜಿಯ ಮೂಲಕವೇ ಕೊಡಬೇಕು.

ನುಂಗುವ ಔಷಧವು ಬಂದುದು ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗದಲ್ಲಿಯೂ ಕೆನಡದಲ್ಲಿಯೂ ದನಗಳು ಚಿಕ್ಕ ಗಾಯಗಳಿಂದಲೇ ರಕ್ತ ಸುರಿದು ಸಾಯುತ್ತಿದ್ದುವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವೇ ಇದಕ್ಕೆ ಕಾರಣವೆಂದು ಪಶುವೈದ್ಯರು ಕಂಡುಕೊಂಡರು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಹಸುವನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಪಾತ್ರೆಯನ್ನೂ, ಆ ಮೇವಿನ ಹೊರೆಯನ್ನೂ ಹೇರಿಕೊಂಡು ಹಿಮದಲ್ಲಿ ಬಂದು ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯ ಬಾಗಿಲು ತಟ್ಟಿದ. ಲಿಂಕ್ ಮತ್ತು ಅವನ ಸಂಗಡಿಗರು ಆರು ವರ್ಷ ದುಡಿದು 1939ರಲ್ಲಿ ಆ ವಿಷವನ್ನು ಬೇರ್ಪಡಿಸಿದರು. ಅದೇ ಬಳಗದ ಇನ್ನೊಂದು ರೂಪವಾದ ವಾರ್ಫರಿನ್ 1948ರಲ್ಲಿ ಮೊದಲು ಇಲಿಪಾಷಾಣವಾಗಿ ಮಾರಾಟಕ್ಕೆ ಬಂದಿತು. 1954ರಲ್ಲಿ ಮನುಷ್ಯರ ಔಷಧವಾಯಿತು. ಅದು ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಕೆಲಸವನ್ನು ತಡೆಯುವುದು. ಇಂದು ಅಪಿಕ್ಸಬಾನ್, ರಿವರೊಕ್ಸಬಾನ್ ಮೊದಲಾದ ಹೊಸ ಗುಳಿಗೆಗಳೂ ಬಳಕೆಯಲ್ಲಿವೆ.

ಇವನ್ನು 'ರಕ್ತ ತೆಳುಮಾಡುವ ಔಷಧ'ಗಳೆನ್ನುವುದು ವಾಡಿಕೆ. ಆದರೆ ಇವು ರಕ್ತವನ್ನು ತೆಳುಮಾಡುವುದೂ ಇಲ್ಲ, ಆಗಿರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಬೆಳೆಯದಂತೆ ತಡೆದು, ಅದನ್ನು ಮೆಲ್ಲಮೆಲ್ಲನೆ ಕರಗಿಸಲು ದೇಹಕ್ಕೆ ಕಾಲಾವಕಾಶವನ್ನು ಕೊಡುವುವು. ಆದುದರಿಂದಲೇ ಆಳದ ಹೆಪ್ಪಿಗೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಚಿಕಿತ್ಸೆ ನಡೆಯಬೇಕು. ನೋವು ಹೋಯಿತೆಂದು ನಡುವೆ ನಿಲ್ಲಿಸುವುದು ಅಪಾಯಕರ. ಅಳತೆಮೀರಿ ಸೇವಿಸಿದರೆ ರಕ್ತಸ್ರಾವದ ಭಯ.

ಪರೀಕ್ಷೆ ಮತ್ತು ಆರೈಕೆ

ಆಳದ ಹೆಪ್ಪನ್ನು ವೈದ್ಯರು ಕಂಡುಹಿಡಿಯುವ ಬಗೆಯೂ ಸರಳ. ಕಿವಿಗೆ ಕೇಳಿಸದ ಶಬ್ದತರಂಗಗಳ ಯಂತ್ರವನ್ನು ಕಾಲಿನ ಮೇಲೆ ಇಟ್ಟು ಮೃದುವಾಗಿ ಅದುಮುತ್ತಾರೆ. ಖಾಲಿ ಅಭಿಧಮನಿಯು ನೀರು ತುಂಬಿದ ಮೆತ್ತನೆಯ ಕೊಳವೆಯಂತೆ ಅಪ್ಪಚ್ಚಿಯಾಗಿ ಪರದೆಯ ಮೇಲಿಂದ ಮರೆಯಾಗುವುದು. ಒಳಗೆ ಹೆಪ್ಪಿದ್ದರೆ ಅದುಮಿದರೂ ಅದು ಹಾಗೆಯೇ ನಿಲ್ಲುವುದು. ನೋವೂ ಇಲ್ಲ, ಸೂಜಿಯೂ ಇಲ್ಲ.

ಚರ್ಮದಡಿಯ ನಾಳದ ಉರಿಯೂತಕ್ಕೆ ಕುಳಿತಾಗ ಕಾಲನ್ನು ಎತ್ತರದಲ್ಲಿಡುವುದು, ಬೆಚ್ಚನೆಯ ಇಲ್ಲವೆ ತಣ್ಣನೆಯ ಬಟ್ಟೆಯ ಪಟ್ಟಿ, ವೈದ್ಯರು ಹೇಳಿದ ನೋವುನಿವಾರಕ, ಬಿಗಿಯಾದ ವಿಶೇಷ ಕಾಲುಚೀಲ, ಇವುಗಳಿಂದ ಬಹುಪಾಲು ಉಪಶಮನ ದೊರೆಯುವುದು. ಕಾಲಿನ ಅಪಧಮನಿಗಳು ಕಿರಿದಾಗಿರುವವರಿಗೆ ಬಿಗಿಚೀಲ ಕೇಡು ಮಾಡಬಹುದಾದುದರಿಂದ ಅದನ್ನೂ ವೈದ್ಯರನ್ನು ಕೇಳಿಯೇ ತೊಡಬೇಕು. 'ಉರಿಯೂತ'ವೆಂಬ ಹೆಸರಿದ್ದರೂ ಇಲ್ಲಿ ಕ್ರಿಮಿಗಳ ಸೋಂಕು ಸಾಮಾನ್ಯವಾಗಿ ಇರುವುದಿಲ್ಲ. ಕ್ರಿಮಿನಾಶಕ ಮದ್ದಿನ ಅಗತ್ಯವೂ ಇಲ್ಲ. ಆದರೆ ಇದನ್ನು ಪೂರ್ಣವಾಗಿ ನಿರ್ಲಕ್ಷಿಸುವಂತಿಲ್ಲ. ಹೆಪ್ಪು ತೊಡೆಸಂದಿನ ಬಳಿ ಏರಿದರೆ ಅಲ್ಲಿಂದ ಆಳದ ನಾಳವನ್ನು ಹೊಗಬಹುದು. 2010ರಲ್ಲಿ ಪ್ರಕಟವಾದ, ಸುಮಾರು 3000 ರೋಗಿಗಳನ್ನೊಳಗೊಂಡ ಒಂದು ಪರೀಕ್ಷೆಯು, 5 ಸೆಂಟಿಮೀಟರ್ ಅಥವಾ ಅದಕ್ಕೂ ಉದ್ದವಾದ ಹೆಪ್ಪುಳ್ಳವರಿಗೆ 45 ದಿನ ಹೆಪ್ಪುತಡೆಯುವ ಚುಚ್ಚುಮದ್ದನ್ನು ಕೊಟ್ಟರೆ ಇಂತಹ ತೊಡಕುಗಳು ಬಹಳ ಕಡಮೆಯಾಗುವುವೆಂದು ತೋರಿಸಿತು.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ಕುರಿತು ಹೇಳಲೇಬೇಕು. ಕಾಲು ನೋಯುತ್ತಿದೆಯೆಂದರೆ ಎಣ್ಣೆ ಕಾಯಿಸಿ ಚೆನ್ನಾಗಿ ನೀವಿ ತಿಕ್ಕುವುದು ನಮ್ಮಲ್ಲಿ ಅನಾದಿಯಿಂದ ಬಂದುದು. ದಣಿದ ಸ್ನಾಯುವಿಗೆ ಅದು ಹಿತವೇ. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಅದರಲ್ಲಿಯೂ ಬಾಣಂತಿಯರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ, ಬಹುದಿನ ಮಲಗಿದ್ದವರಲ್ಲಿ ಹಾಗೆ ಆದರೆ, ಕಾಲನ್ನು ತಿಕ್ಕಲೇಬಾರದು. ಸಡಿಲವಾದ ಹೆಪ್ಪನ್ನು ನಮ್ಮ ಕೈಯಿಂದಲೇ ಶ್ವಾಸಕೋಶದತ್ತ ಅಟ್ಟಿದಂತಾದೀತು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಜತೆಗೆ ಉಸಿರಾಟದ ತೊಂದರೆಯೂ ಇದ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಾಸಿಗೆಯೋ ನಡಿಗೆಯೋ?

ಒಂದು ಕಾಲದಲ್ಲಿ ಫ್ಲೆಬೈಟಿಸ್ ಬಂದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಕಾಲು ಅಲ್ಲಾಡಿದರೆ ಹೆಪ್ಪು ಕಳಚೀತೆಂಬ ಅಂಜಿಕೆ. ಶಸ್ತ್ರಚಿಕಿತ್ಸೆಯಾದವರಿಗೂ ಹೆರಿಗೆಯಾದವರಿಗೂ ಇದೇ ಕಟ್ಟಳೆ. ಮಲಗಿಸುವುದರಿಂದಲೇ ಹೊಸ ಹೆಪ್ಪುಗಳು ಹುಟ್ಟುತ್ತಿವೆಯೆಂಬ ಸಂದೇಹ ಕ್ರಮೇಣ ಬಲಿಯಿತು. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಲೇಖನವನ್ನು ಬರೆದರು. 1954ರಲ್ಲಿ ಬಾಸ್ಟನ್ನಿನ ಜಾನ್ ಹೋಮನ್ಸ್, ವಿಮಾನದಲ್ಲಿಯೂ ಕಾರಿನಲ್ಲಿಯೂ ನಾಟಕಮಂದಿರದಲ್ಲಿಯೂ ಬಹುಹೊತ್ತು ಕುಳಿತವರ ಕಾಲಿನಲ್ಲಿ ಹೆಪ್ಪಾದ ಪ್ರಸಂಗಗಳನ್ನು ವರದಿಮಾಡಿದರು. ಇಂದು ಶಸ್ತ್ರಚಿಕಿತ್ಸೆಯಾದವರನ್ನು ಸಾಧ್ಯವಾದಷ್ಟು ಬೇಗ ಎಬ್ಬಿಸಿ ನಡೆಸುತ್ತಾರೆ. ಆಳದ ಹೆಪ್ಪುಳ್ಳವರನ್ನು ಕೂಡ, ಔಷಧವನ್ನು ಆರಂಭಿಸಿದ ಮೇಲೆ, ಸ್ಥಿತಿ ಅನುಕೂಲವಾಗಿದ್ದರೆ ನಡೆಯಬಿಡುತ್ತಾರೆ. ಇದರಿಂದ ಹೆಪ್ಪು ಕಳಚುವುದು ಹೆಚ್ಚುವುದಿಲ್ಲವೆಂದು ಹಲವು ಪರೀಕ್ಷೆಗಳಿಂದ ತಿಳಿದುಬಂದಿದೆ. ತಾವಾಗಿ ನಡೆಯುವುದು ಬೇರೆ, ಇನ್ನೊಬ್ಬರು ಕಾಲನ್ನು ತಿಕ್ಕಿ ಹಿಸುಕುವುದು ಬೇರೆಯೆಂಬುದನ್ನು ಮರೆಯಬಾರದು.

ಆರೋಗ್ಯವಂತರಾದ ವಿದ್ಯಾರ್ಥಿಗಳಿಗೆ ಈ ರೋಗದ ಭಯ ಅಲ್ಪವೇ. ಆದರೂ ಅವರ ಮನೆಗಳಲ್ಲಿ ಅಜ್ಜ ಅಜ್ಜಿಯರಿರುವರು, ಬಾಣಂತಿಯಾದ ಅಕ್ಕನಿರಬಹುದು. ಇರುಳಿಡೀ ಬಸ್ಸಿನಲ್ಲಿ ಪ್ರಯಾಣಮಾಡುವಾಗ ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯುವಂತೆ ಅವರಿಗೆ ಹೇಳಬಹುದು. ಇಳಿಯಲಾಗದಿದ್ದರೆ ಕುಳಿತಲ್ಲಿಯೇ ಹಿಮ್ಮಡಿಯನ್ನು ಊರಿ ಮುಂಗಾಲನ್ನೂ, ಮುಂಗಾಲನ್ನು ಊರಿ ಹಿಮ್ಮಡಿಯನ್ನೂ ಸರದಿಯಾಗಿ ಎತ್ತುತ್ತಿದ್ದರೆ ಮೀನಖಂಡದ ಪಂಪು ನಡೆಯುತ್ತಲೇ ಇರುವುದು. ಬಾಣಂತಿಯು ದಿನವೆಲ್ಲ ಮಂಚದ ಮೇಲೆಯೇ ಇರಬೇಕೆಂಬ ಕಟ್ಟುಪಾಡನ್ನು, ವೈದ್ಯರ ಒಪ್ಪಿಗೆ ಪಡೆದು, ಸಡಿಲಿಸಬಹುದು.

ಲಂಡನ್ನಿನ ಜನರು ಮಾಡಿದುದೂ ಇಷ್ಟೇ ಸರಳವಾದ ಕೆಲಸ. ಆಗ ಅವರ ಬಳಿ ವಾರ್ಫರಿನ್ ಇರಲಿಲ್ಲ, ಶಬ್ದತರಂಗದ ಯಂತ್ರವೂ ಇರಲಿಲ್ಲ. ಸಿಂಪ್ಸನ್ನರು ಸೂಚಿಸಿದಂತೆ ನೆಲಮಾಳಿಗೆಗಳಲ್ಲಿ ಕುರ್ಚಿಗಳಿಗೆ ಬದಲಾಗಿ ಒಂದರ ಮೇಲೊಂದು ಜೋಡಿಸಿದ ಮಂಚಗಳನ್ನು ಹಾಕಲಾಯಿತು. ಜನರು ಕಾಲುಚಾಚಿ ಮಲಗಿದರು. ತೊಡೆಯ ಹಿಂಬದಿಯನ್ನು ಒತ್ತುವ ಅಡ್ಡಮರವಿಲ್ಲದೆ ಅವರ ಕಾಲಿನ ರಕ್ತ ತನ್ನ ದಾರಿಯಲ್ಲಿ ಹರಿಯಿತು.